ಬಾರಾಮತಿಯ ಹಿತ್ತಲಿನಿಂದ ಚಂದ್ರನ ರೇಖಾಚಿತ್ರ

ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದ ಬಾರಾಮತಿಯಲ್ಲಿ ಫಾಲ್ಗುಣ ಶುಕ್ಲ ಸಪ್ತಮಿಯ ಚಂದ್ರ ಸಂಜೆಯ ಹೊತ್ತಿಗೆ ನಡುನೆತ್ತಿಯ ಸಮೀಪವಿದ್ದು, ಅದರ ಬೆಳಕು ದಾಟಬೇಕಾದ ಗಾಳಿಯ ಪದರ ತೆಳುವಾಗಿರುವುದರಿಂದ ದೂರದರ್ಶಕದ ಬಿಂಬ ಹೆಚ್ಚು ಅಲುಗುವುದಿಲ್ಲ. ಚಿತ್ರಿಸಲು ಯೋಗ್ಯವಾದುದು ಚಂದ್ರನ ಹಗಲು-ಇರುಳುಗಳನ್ನು ಬೇರ್ಪಡಿಸುವ ಗಡಿರೇಖೆಯ ಆಸುಪಾಸು. ಅಲ್ಲಿ ಬಿಸಿಲು ಓರೆಯಾಗಿ ಬಿದ್ದು ಸಣ್ಣ ದಿಬ್ಬಕ್ಕೂ ಉದ್ದನೆಯ ನೆರಳು ಮೂಡುತ್ತದೆ (ಹುಣ್ಣಿಮೆಯ ಚಂದ್ರ ಎಷ್ಟೇ ಚೆಲುವಾದರೂ ಈ ಕೆಲಸಕ್ಕೆ ಸಪ್ಪೆಯೇ). ಅಂದು ಮೇರ್ ಸೆರೆನಿಟಾಟಿಸ್ ಎಂಬ ಹೆಪ್ಪುಗಟ್ಟಿದ ಲಾವಾ ಬಯಲಿನಲ್ಲಿ 16 ಕಿ.ಮೀ. ಅಗಲದ ಬೆಸೆಲ್ ಕುಳಿಯೂ, ಅದರ ಈಶಾನ್ಯಕ್ಕೆ, 1973ರಲ್ಲಿ ವಿಕ್ರಮ್ ಸಾರಾಭಾಯಿ ಅವರ ಹೆಸರು ಪಡೆದ ಸುಮಾರು 8 ಕಿ.ಮೀ. ಅಗಲದ ಪುಟ್ಟ ಕುಳಿಯೂ 100 ಮಿಲಿಮೀಟರ್ ದೂರದರ್ಶಕಕ್ಕೆ ಸಿಗುತ್ತವೆ. ಗಡಿರೇಖೆ ಚಂದ್ರನ ಸಮಭಾಜಕದ ಬಳಿ ಗಂಟೆಗೆ ಸುಮಾರು 15 ಕಿ.ಮೀ. ಸರಿಯುವುದರಿಂದ, ನೆರಳಿನ ಅಂಚನ್ನು ಪೆನ್ಸಿಲಿನಲ್ಲಿ ಮೊದಲು ಗುರುತಿಸಿ, ಸಮಯ ಬರೆದಿಟ್ಟು, ಒಳಗಿನ ಕಪ್ಪನ್ನು ಆಮೇಲೆ ತುಂಬಬೇಕು.