ಮೂರು ಕಿಲೋಮೀಟರ್ ಓಟ



ಊರ ಚಾವಡಿಯ ಗೋಡೆಗೆ ಒಂದು ಕಾಗದ ಹಚ್ಚಿದ್ದಾರೆ. ಓದಿರಿ. “ಮಹಿಳೆಯರಿಗೆ ಓಟದ ಸ್ಪರ್ಧೆ. ದೂರ 3 ಕಿಲೋಮೀಟರ್. ಬೆಳಿಗ್ಗೆ 7 ಗಂಟೆಗೆ. 18 ವರ್ಷ ತುಂಬಿದವರು ಹೆಸರು ಬರೆಸಿರಿ.”

“ಅಯ್ಯ, ನಾವೇನು ಓಡಾಕ ಹೋಗೂದು? ಅದು ಸಾಲಿ ಹುಡುಗ್ಯಾರಿಗೆ” ಅನ್ನುತ್ತೀರಾ? ಕಾಗದ ಇನ್ನೊಮ್ಮೆ ಓದಿರಿ. ವಯಸ್ಸು ಇಷ್ಟರೊಳಗೇ ಇರಬೇಕು ಎಂದು ಅದರಲ್ಲಿ ಬರೆದಿಲ್ಲ.

3 ಕಿಲೋಮೀಟರ್ ಅಂದರೆ ಎಷ್ಟು? ಹಿರಿಯರ ಲೆಕ್ಕದಲ್ಲಿ ಎರಡು ಮೈಲಿಗೆ ಸ್ವಲ್ಪ ಕಡಿಮೆ. ರಸ್ತೆಯ ಬದಿಗೆ ಕಿಲೋಮೀಟರ್ ಕಲ್ಲುಗಳಿವೆ. ‘ಬೈಲಹೊಂಗಲ 12’ ಎಂಬ ಕಲ್ಲಿನಿಂದ ‘ಬೈಲಹೊಂಗಲ 9’ ಎಂಬ ಕಲ್ಲಿನ ತನಕ 3 ಕಿಲೋಮೀಟರ್. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋದವರಿಗೆ ಇದು ದೂರವಲ್ಲ. ಆದರೆ ನಡೆಯುವುದೇ ಬೇರೆ, ಓಡುವುದೇ ಬೇರೆ.

ನಾನೂ ಒಮ್ಮೆ ಇಂಥ ಓಟಕ್ಕೆ ಹೋಗಿದ್ದೆ. ಸೀಟಿ ಊದಿದ ಕೂಡಲೇ ನಾಯಿ ಬೆನ್ನು ಹತ್ತಿದಂತೆ ಓಡಿದೆ. ಅರ್ಧ ಕಿಲೋಮೀಟರ್ ಆಗುವುದರೊಳಗೆ ಪಕ್ಕೆ ಹಿಡಿಯಿತು. ಬಾಯಿ ಒಣಗಿತು. ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟೆ. ನನಗಿಂತ ಹಿರಿಯ ಹೆಣ್ಣುಮಗಳೊಬ್ಬಳು ಸೆರಗು ಸಿಕ್ಕಿಸಿಕೊಂಡು ಮೆಲ್ಲಗೆ ಓಡುತ್ತ ಬಂದಳು. “ಯಾಕ್ರಿ ಅಕ್ಕೋರ, ಕುಂತ್ರಿ? ಏಳ್ರಿ, ಸಾವಕಾಶ ಬರ್ರಿ” ಅಂದಳು. ಅವಳು ನಿಲ್ಲಲಿಲ್ಲ. ನಾನು ಎದ್ದು ಅವಳ ಹಿಂದೆ ಹೋದೆ.

ನನಗೆ ಹಾಗೇಕೆ ಆಯಿತು? ನಾವು ಉಸಿರಾಡಿದ ಗಾಳಿಯಲ್ಲಿ ಆಮ್ಲಜನಕ ಇರುತ್ತದೆ. ರಕ್ತವು ಅದನ್ನು ಕಾಲುಗಳಿಗೆ ಒಯ್ಯುತ್ತದೆ. ಒಮ್ಮೆಲೇ ಜೋರಾಗಿ ಓಡಿದರೆ ಬೇಕಾದಷ್ಟು ಮುಟ್ಟುವುದಿಲ್ಲ. ಕಾಲು ಸೋಲುತ್ತವೆ, ಏದುಸಿರು ಬರುತ್ತದೆ. ಅದಕ್ಕೇ ಮೊದಲು ಮೆಲ್ಲಗೆ ಓಡಬೇಕು. ಜೊತೆಗಾರತಿಯೊಡನೆ ಎರಡು ಮಾತಾಡಲು ಬರುವಂತಿದ್ದರೆ ಆ ವೇಗ ಸರಿ. ಮೈಯಲ್ಲಿ ರಕ್ತ ಕಡಿಮೆ ಇದ್ದವರಿಗೆ ಬೇಗ ದಣಿವಾಗುವುದೂ ಇದೇ ಕಾರಣಕ್ಕೆ. ಅವರು ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಲಿ. ಬಸುರಿಯರು, ಬಿ.ಪಿ., ಸಕ್ಕರೆ ಕಾಯಿಲೆ, ಎದೆನೋವು ಇದ್ದವರು ಡಾಕ್ಟರನ್ನು ಕೇಳದೆ ಓಡಬಾರದು.

ಓಟಕ್ಕೆ ಆರು ವಾರ ಮೊದಲೇ ರೂಢಿ ಮಾಡಿರಿ. ಗಡಿಯಾರ ಬೇಡ, ಕರೆಂಟಿನ ಕಂಬ ಸಾಕು. ಮೊದಲ ವಾರ ಒಂದು ಕಂಬ ಓಡಿರಿ, ಎರಡು ಕಂಬ ನಡೆಯಿರಿ. ಆಮೇಲೆ ಎರಡು ಓಡಿ ಒಂದು ನಡೆಯಿರಿ. ಹೀಗೆ ಹೆಚ್ಚಿಸುತ್ತ ಹೋಗಿರಿ. ವಾರಕ್ಕೆ ಮೂರು ದಿನ ಸಾಕು. ನಮ್ಮ ಎರಿ ಹೊಲದ ದಾರಿ ಕಾಲಿಗೆ ಮೆತ್ತಗೆ. ಮಳೆಯಾದರೆ ಮಾತ್ರ ಕೆಸರು ಹಿಡಿದು ಕಾಲು ಏಳುವುದಿಲ್ಲ. ಡಾಂಬರು ರಸ್ತೆಗೆ ಹೋದರೆ ಬಲಗಡೆ ಓಡಿರಿ, ಎದುರಿನ ಗಾಡಿ ಕಾಣುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ ಬೇಡವೇ ಬೇಡ. ನಾಲ್ಕು ಜನ ಕೂಡಿ ಹೋಗಿರಿ. ಒಬ್ಬಳು ಓಡಿದರೆ ಜನ ನಗುತ್ತಾರೆ. ನಾಲ್ವರು ಓಡಿದರೆ ನಾಲ್ಕು ದಿನ ನೋಡಿ ಸುಮ್ಮನಾಗುತ್ತಾರೆ.

ಸೀರೆ ಉಟ್ಟು ಓಡಲು ಬರುತ್ತದೆಯೇ? ಬರುತ್ತದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ 2014ರಲ್ಲಿ 3 ಕಿಲೋಮೀಟರಿನ ಓಟ ನಡೆಯಿತು. ಲತಾ ಭಗವಾನ್ ಕರೆ ಎಂಬವರು ಅದರಲ್ಲಿ ಓಡಿದರು. ವಯಸ್ಸು 60 ದಾಟಿತ್ತು. ಗಂಡನ ಕಾಯಿಲೆಯ ತಪಾಸಣೆಗೆ ಹಣ ಬೇಕಾಗಿತ್ತು. ಕಚ್ಚೆ ಸೀರೆ ಉಟ್ಟು, ಬರಿಗಾಲಲ್ಲಿ ಓಡಿ ಮೊದಲನೆಯವರಾಗಿ ಬಂದರು. 2020ರಲ್ಲಿ ಅವರ ಕಥೆ ಮರಾಠಿ ಸಿನಿಮಾ ಆಯಿತು. ಅದರಲ್ಲಿ ಅವರೇ ಪಾತ್ರ ಮಾಡಿದರು. ಆದರೂ ನನ್ನ ಮಾತು ಕೇಳಿದರೆ, ಚೂಡಿದಾರ ಸಲೀಸು. ಬರಿಗಾಲು ರೂಢಿ ಇಲ್ಲದವರು ಹಳೆಯ ಬೂಟು ಹಾಕಿರಿ. ಹೊಸದು ಕಚ್ಚುತ್ತದೆ. ಹವಾಯಿ ಚಪ್ಪಲಿ ಕಾಲು ಹೊರಳಿಸುತ್ತದೆ.

ಹೆಣ್ಣುಮಕ್ಕಳಿಗೆ ದೂರದ ಓಟ ಆಗದು ಎಂದು ದೊಡ್ಡ ದೊಡ್ಡವರೇ ತಿಳಿದಿದ್ದರು. 1928ರ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು, ಆಮೇಲೆ ತೆಗೆದುಬಿಟ್ಟರು. ಮತ್ತೆ ಇಟ್ಟದ್ದು 1960ರಲ್ಲಿ. 42 ಕಿಲೋಮೀಟರಿನ ಮ್ಯಾರಥಾನ್ ಅವರಿಗೆ ಸಿಕ್ಕದ್ದು 1984ರಲ್ಲಿ.

ಹೆಸರು ಬರೆಸಲು ಹೋದಾಗ ಫಾರಂ ಕೊಡುತ್ತಾರೆ. ಹೆಸರು, ಊರು, ವಯಸ್ಸು ನೀವೇ ತುಂಬಿರಿ. ಹೆಬ್ಬೆಟ್ಟಿನ ಶಾಯಿ ಮುಂದೆ ಇಟ್ಟರೆ ಪೆನ್ನು ಕೇಳಿರಿ.

ಓಟದ ದಿನ ರೊಟ್ಟಿ ಬೇಡ, ಬರಿ ಹೊಟ್ಟೆಯೂ ಬೇಡ. ಒಂದು ತಾಸು ಮೊದಲು ಬಾಳೆಹಣ್ಣು ತಿಂದು ಒಂದು ಲೋಟ ನೀರು ಕುಡಿಯಿರಿ. ಎದೆ ಹಿಡಿದರೆ, ಕಣ್ಣಿಗೆ ಕತ್ತಲೆ ಬಂದರೆ ಅಲ್ಲೇ ನಿಲ್ಲಿರಿ, ಯಾರನ್ನಾದರೂ ಕರೆಯಿರಿ. ಓಟ ಮುಗಿದ ಕೂಡಲೇ ಕೂಡಬೇಡಿರಿ. ಐದು ನಿಮಿಷ ಅಡ್ಡಾಡಿ, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ನನಗೆ ಬಹುಮಾನ ಬರಲಿಲ್ಲ. ಹಿಂದಿನಿಂದ ಎಣಿಸಿದರೆ ನಾನು ಮೂರನೆಯವಳು. ‘ಸಾವಕಾಶ ಬರ್ರಿ’ ಅಂದವಳು ನನಗಿಂತ ಬಹಳ ಮೊದಲೇ ಮುಟ್ಟಿ, ಮಜ್ಜಿಗೆ ಹಿಡಿದು ನಿಂತಿದ್ದಳು.