ಟ್ಯಾಗ್ ಅಳಿಸಿದರೆ ಬೆಳಕಿನ ವೇಗವೂ ಕುಗ್ಗೀತು

ಕೇರಳದ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಮುದ್ರಿತವಾಗುತ್ತವೆ. ಮಹಾರಾಷ್ಟ್ರದ ಬಾಲಭಾರತಿಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಗಡಿಯಾಚೆಯ ನಮ್ಮ ಮಕ್ಕಳ ಓದಿನಲ್ಲಿ ಅನುವಾದದ ಪಾಲು ಹಿರಿದು. ಇವಲ್ಲದೆ ಮಾದರಿ ಪ್ರಶ್ನೆಗಳನ್ನೂ ಟಿಪ್ಪಣಿಗಳನ್ನೂ ಶಿಕ್ಷಕರು, ಹೆತ್ತವರು ಸೇರಿ ತಾವೇ ಕನ್ನಡಕ್ಕೆ ತರುವುದುಂಟು.

ಅಂತಹದೊಂದು ಭೌತಶಾಸ್ತ್ರದ ಅಭ್ಯಾಸಪತ್ರಿಕೆಯನ್ನು ಕನ್ನಡಿಸುವಾಗ ನಾವು ಎಡವಿದೆವು. ಬೆಳಕಿನ ವೇಗ ಸೆಕೆಂಡಿಗೆ 3 × 10⁸ ಮೀಟರ್ ಎಂದಿರಬೇಕಾದುದು 3 × 108 ಎಂದು ಅಚ್ಚಾಯಿತು. ಗುಣಿಸಿದರೆ 324. ಗಾಳಿಯಲ್ಲಿ ಶಬ್ದವೇ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ! ಗುಡುಗು ಕೇಳಿದ ಮೇಲೆ ಮಿಂಚು ಕಾಣುವ ಲೋಕವೊಂದನ್ನು ಮಕ್ಕಳ ಮುಂದಿಟ್ಟಿದ್ದೆವು. ಪದಗಳ ಅನುವಾದದಲ್ಲಿ ದೋಷವಿರಲಿಲ್ಲ. ನಾವು ಕಳೆದದ್ದು ಒಂದು ಜೋಡಿ ಟ್ಯಾಗ್.

ಒಮೇಗಾ-ಟಿ ಎಂಬ ಉಚಿತ ತಂತ್ರಾಂಶವನ್ನೇ ನೋಡೋಣ. ಅದು ಮೂಲ ಕಡತವನ್ನು ವಾಕ್ಯವಾಕ್ಯವಾಗಿ ಬಿಡಿಸಿ ತೋರಿಸುತ್ತದೆ. ದಪ್ಪಕ್ಷರ, ಅಡಿಗೆರೆ, ಎತ್ತರಿಸಿ ಬರೆದ ಘಾತಾಂಕ ಇವು ಅಲ್ಲಿ ತಮ್ಮ ರೂಪದಲ್ಲಿ ಕಾಣವು. ಅವುಗಳ ಬದಲಿಗೆ ಕೋನಾವರಣದೊಳಗೆ ಅಕ್ಷರವೂ ಅಂಕಿಯೂ ಕೂಡಿದ ಗುರುತುಗಳಿರುತ್ತವೆ. ಅವೇ ಟ್ಯಾಗ್‌ಗಳು. ಹಲವು ಜೋಡಿಯಾಗಿ ಬರುತ್ತವೆ, ಮುಕ್ತಾಯದ್ದರಲ್ಲಿ ಒಂದು ಓರೆಗೆರೆ. ಇನ್ನು ಕೆಲವು ಒಂಟಿ. ನಾವು ಅವನ್ನು ಕಸವೆಂದು ಬಗೆದು ಅಳಿಸಿದ್ದೆವು.

ಉಳಿಸಿಕೊಂಡರಷ್ಟೇ ಸಾಲದು, ಸರಿಯಾದ ಪದವನ್ನು ಸುತ್ತುವರಿಯಬೇಕು. ಮಲಯಾಳದಿಂದ ತರುವಾಗ ಪದಗಳ ಕ್ರಮ ಬಹುಮಟ್ಟಿಗೆ ಒಂದೇ ಆದುದರಿಂದ ತೊಡಕು ಕಡಿಮೆ. ಇಂಗ್ಲಿಷಿನ ಕಥೆ ಬೇರೆ. ‘ಇವುಗಳಲ್ಲಿ ಸಸ್ತನಿ ಅಲ್ಲದ್ದು ಯಾವುದು?’ ಎಂಬ ಪ್ರಶ್ನೆಯ ಇಂಗ್ಲಿಷ್ ಮೂಲದಲ್ಲಿ ನಿಷೇಧದ ಪದ ಸಸ್ತನಿಗಿಂತ ಮೊದಲು ಬರುತ್ತದೆ, ಅದನ್ನೇ ದಪ್ಪಕ್ಷರದಲ್ಲಿ ಅಚ್ಚಿಸುವುದು ರೂಢಿ. ಟ್ಯಾಗ್‌ಗಳನ್ನು ಇದ್ದ ಸ್ಥಾನದಲ್ಲೇ ಬಿಟ್ಟರೆ ಕನ್ನಡದಲ್ಲಿ ‘ಸಸ್ತನಿ’ ದಪ್ಪವಾಗಿ, ‘ಅಲ್ಲದ್ದು’ ಸಪ್ಪೆಯಾಗುತ್ತದೆ. ಅವಸರದಲ್ಲಿರುವ ಮಗು ಸಸ್ತನಿಯನ್ನೇ ಹುಡುಕಿ ಗುರುತು ಹಾಕೀತು. ಅಂಕ ಹೋಗುವುದು ಮಗುವಿನದು, ನಮ್ಮದಲ್ಲ.

ಕನ್ನಡದ ಪ್ರತ್ಯಯಗಳದು ಇನ್ನೊಂದು ಪರಿ. ಮೂಲದಲ್ಲಿ ದಪ್ಪವಾಗಿರುವುದು ‘ಬೇರು’ ಎಂಬರ್ಥದ ಪದ. ನಮ್ಮ ವಾಕ್ಯಕ್ಕೆ ಬೇಕಾದುದು ‘ಬೇರಿನ’. ನಾಮಪದವನ್ನು ಪ್ರತ್ಯಯದಿಂದ ಬೇರ್ಪಡಿಸುವ ಹಟದಿಂದ ಮುಕ್ತಾಯದ ಟ್ಯಾಗನ್ನು ನಡುವೆ ತುರುಕಿದರೆ ಗುಣಿತಾಕ್ಷರವೇ ಒಡೆದು, ಗುಡಿಸು ತನ್ನ ವ್ಯಂಜನವನ್ನಗಲಿ ಚುಕ್ಕಿವೃತ್ತದ ಮೇಲೆ ಕುಳಿತೀತು. ಪ್ರತ್ಯಯಸಮೇತ ಇಡೀ ಪದವನ್ನು ಟ್ಯಾಗ್‌ಗಳ ನಡುವೆ ಇಡುವುದೇ ಲೇಸು. ವ್ಯಾಕರಣದ ಪಾಠದಲ್ಲಿ ಪ್ರತ್ಯಯವನ್ನೇ ಎತ್ತಿ ತೋರಿಸಬೇಕಾದಾಗ ಮಾತ್ರ ಬೇರೆ ದಾರಿ ಹುಡುಕಬೇಕು.

ಟ್ಯಾಗನ್ನು ಕೈಯಿಂದ ಟೈಪು ಮಾಡಬಾರದು. ಒಮೇಗಾ-ಟಿಯಲ್ಲಿ ಕಂಟ್ರೋಲ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಿಟ್ಟುಹೋದ ಮುಂದಿನ ಟ್ಯಾಗ್ ತಾನೇ ಬಂದು ಸೇರುತ್ತದೆ. ತಪ್ಪಿದವುಗಳನ್ನು ಪಟ್ಟಿಮಾಡುವ ಪರೀಕ್ಷೆಯೂ ಅದರಲ್ಲಿದೆ. ಆದರೆ ಟ್ಯಾಗ್ ಸರಿಯಾದ ಪದದ ಮೇಲಿದೆಯೇ ಎಂಬುದನ್ನು ಯಂತ್ರ ಅರಿಯದು. ಆದಕಾರಣ ಈಗ ನಾವು ಸಿದ್ಧಪಡಿಸಿದ ಕಡತವನ್ನು ಮೂಲದ ಪಕ್ಕದಲ್ಲಿಟ್ಟು, ಒಬ್ಬರು ಘಾತಾಂಕಗಳನ್ನು ಗಟ್ಟಿಯಾಗಿ ಓದುವಾಗ ಇನ್ನೊಬ್ಬರು ಬೆರಳಿಟ್ಟು ನೋಡುತ್ತೇವೆ, ಅನಂತರವೇ ಮುದ್ರಣ.