ಲಿಪಿಡ್ ಬಾಲ ಮತ್ತು ಕೋಶದ ಸಂಜ್ಞೆ: ರಾಸ್ ಪ್ರೋಟೀನಿನ ಮೂಲಕ ಒಂದು ಪಾಠ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಲಿಪಿಡ್‌ಗಳ ಪರಿಚಯ ಒಂದು ಅಧ್ಯಾಯದಲ್ಲಿ, ಕೋಶಪೊರೆಯ ರಚನೆ ಇನ್ನೊಂದರಲ್ಲಿ ಬರುತ್ತದೆ. ನಾನು ವೀಕ್ಷಿಸಿದ ಹೆಚ್ಚಿನ ಪಾಠಗಳಲ್ಲಿ ಲಿಪಿಡ್‌ಗೆ ಎರಡೇ ಕೆಲಸ: ಶಕ್ತಿಯ ಸಂಗ್ರಹ ಮತ್ತು ಪೊರೆಯ ನಿರ್ಮಾಣ. ಪ್ರೋಟೀನಿಗೆ ಜೋಡಣೆಯಾಗಿ, ಆ ಪ್ರೋಟೀನು ಕೋಶದಲ್ಲಿ ಎಲ್ಲಿರಬೇಕೆಂದು ನಿರ್ಧರಿಸುವ ಮೂರನೆಯ ಕೆಲಸವೂ ಅದಕ್ಕಿದೆ. ಇದನ್ನು ಸೇರಿಸಿದರೆ ಎರಡೂ ಅಧ್ಯಾಯಗಳು ಬೆಸೆದುಕೊಳ್ಳುತ್ತವೆ. ಉದಾಹರಣೆಗೆ ರಾಸ್ ಎಂಬ ಒಂದು ಪ್ರೋಟೀನು ಸಾಕು.

ಪೂರ್ವಜ್ಞಾನ

ಪಾಮಿಟಿಕ್ ಆಮ್ಲದಲ್ಲಿ 16 ಇಂಗಾಲದ ಪರಮಾಣುಗಳಿವೆ. ಪೊರೆಯ ಒಳಪದರ ನೀರನ್ನು ದೂರವಿಡುತ್ತದೆ. ಈ ಎರಡು ಅಂಶಗಳನ್ನು ಪ್ರಶ್ನೆ ಕೇಳಿ ಹೊರತೆಗೆಯಿರಿ.

ವಿಷಯ ನಿರೂಪಣೆ

ಬೆಳವಣಿಗೆಯ ಸಂಕೇತವೊಂದು ಕೋಶಪೊರೆಯ ಗ್ರಾಹಕವನ್ನು ತಲುಪಿದಾಗ, ಪೊರೆಯ ಒಳಮೈಯಲ್ಲಿರುವ ರಾಸ್ ತನ್ನಲ್ಲಿರುವ ಜಿಡಿಪಿಯನ್ನು ಬಿಟ್ಟು ಜಿಟಿಪಿಯನ್ನು ಹಿಡಿಯುತ್ತದೆ. ಆಗ ಅದು ಚಾಲನೆಗೊಂಡು, ರಾಫ್ ಎಂಬ ಕಿಣ್ವವನ್ನು ಪೊರೆಯ ಬಳಿಗೆ ಸೆಳೆಯುತ್ತದೆ. ಅಲ್ಲಿಂದ ಸಂಜ್ಞೆ ಕೋಶಕೇಂದ್ರದವರೆಗೆ ಸಾಗಿ, ಕೋಶ ವಿಭಜನೆಗೆ ದಾರಿಯಾಗುತ್ತದೆ.

ರಾಸ್ ಹುಟ್ಟುವುದು ಕೋಶದ್ರವದಲ್ಲಿ. ಪೊರೆಗೆ ಹೋಗಲು ಅದರ ತುದಿಯ ಸಿಸ್ಟೀನ್‌ಗೆ 15 ಇಂಗಾಲಗಳ ಫಾರ್ನೆಸಿಲ್ ಗುಂಪು ಜೋಡಣೆಯಾಗಬೇಕು. ಈ ಬಂಧ ಕಾಯಂ. ಆದರೆ ಪೊರೆಯ ಮೇಲೆ ಇದೊಂದರ ಹಿಡಿತ ಸಡಿಲ. ಎಚ್-ರಾಸ್ ಮತ್ತು ಎನ್-ರಾಸ್‌ಗಳಿಗೆ ಗಾಲ್ಗಿ ಸಂಕೀರ್ಣದಲ್ಲಿ ಪಾಮಿಟೇಟ್ ಕೂಡ ಸೇರಿ ಹಿಡಿತ ಬಿಗಿಯಾಗುತ್ತದೆ. ಕಿಣ್ವಗಳು ಪಾಮಿಟೇಟನ್ನು ಕತ್ತರಿಸಿದಾಗ ರಾಸ್ ಪೊರೆಯಿಂದ ಕಳಚಿ, ಗಾಲ್ಗಿಯಲ್ಲಿ ಮತ್ತೆ ಪಾಮಿಟೇಟ್ ಪಡೆದು ಹಿಂತಿರುಗುತ್ತದೆ. ಸಂಜ್ಞೆ ಎಲ್ಲಿ, ಎಷ್ಟು ಹೊತ್ತು ನಡೆಯಬೇಕೆಂಬುದರ ನಿಯಂತ್ರಣದಲ್ಲಿ ಈ ಓಡಾಟಕ್ಕೂ ಪಾಲಿದೆ.

ತಪ್ಪು ಕಲ್ಪನೆಯ ನಿವಾರಣೆ

‘ಲಿಪಿಡ್ ಸೇರಿದರೆ ಪ್ರೋಟೀನು ಚಾಲನೆಗೊಳ್ಳುತ್ತದೆ’ ಎಂಬ ಉತ್ತರ ತರಗತಿಯಲ್ಲಿ ಬಂದೇ ಬರುತ್ತದೆ. ಸ್ವಿಚ್ ಜಿಟಿಪಿ, ಲಿಪಿಡ್ ನಿರ್ಧರಿಸುವುದು ಸ್ಥಳವನ್ನು. ಸ್ವಿಚ್ ಹಾಕಿದ್ದರೂ ಪ್ಲಗ್ಗು ಸಾಕೆಟ್ಟಿನಲ್ಲಿ ಇಲ್ಲದಿದ್ದರೆ ದೀಪ ಉರಿಯದು. ಇದಕ್ಕೆ ಪ್ರಯೋಗದ ಆಧಾರಗಳಿವೆ. ಸದಾ ಚಾಲನೆಯಲ್ಲಿರುವಂತೆ ರೂಪಾಂತರಗೊಂಡ ರಾಸ್‌ನಿಂದ ಆ ಸಿಸ್ಟೀನನ್ನು ತೆಗೆದರೆ ಅದು ಕೋಶದ್ರವದಲ್ಲೇ ಉಳಿದು, ಕೋಶವನ್ನು ಕ್ಯಾನ್ಸರ್ ಸ್ವರೂಪಕ್ಕೆ ತಿರುಗಿಸಲಾರದು. 1994ರಲ್ಲಿ ಸಂಶೋಧಕರು ರಾಸ್‌ನ ತುದಿಯನ್ನು ರಾಫ್‌ಗೆ ಜೋಡಿಸಿದಾಗ, ರಾಸ್‌ನ ನೆರವಿಲ್ಲದೆಯೇ ರಾಫ್ ಪೊರೆಗೆ ಹೋಗಿ ಕ್ರಿಯಾಶೀಲವಾಯಿತು.

ಚಟುವಟಿಕೆ

ಹಗ್ಗದ ಮೇಲೆ ಹರಡಿದ ಬಟ್ಟೆ ಪೊರೆ. ರಟ್ಟಿನ ಕಾರ್ಡು ರಾಸ್. ಕಾರ್ಡಿಗೆ ಕಾಗದದ ಕೊಕ್ಕೆಯೊಂದನ್ನು ಗೋಂದಿನಿಂದ ಕಾಯಂ ಆಗಿ ಅಂಟಿಸಿ; ಇದು ಫಾರ್ನೆಸಿಲ್. ಬಟ್ಟೆಯ ಅಂಚಿಗೆ ಸಿಕ್ಕಿಸಿ ಫ್ಯಾನ್ ಹಾಕಿದರೆ ಕಾರ್ಡು ಸುಲಭವಾಗಿ ಜಾರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪನ್ನೂ ಸೇರಿಸಿದರೆ ನಿಲ್ಲುತ್ತದೆ, ಅದು ಪಾಮಿಟೇಟ್. ಕ್ಲಿಪ್ಪನ್ನು ವಿದ್ಯಾರ್ಥಿಗಳಿಂದಲೇ ತೆಗೆಸಿ, ಹಾಕಿಸಿ. ಯಾವ ಬಂಧ ಕಾಯಂ, ಯಾವುದು ತಾತ್ಕಾಲಿಕ ಎಂಬ ವ್ಯತ್ಯಾಸ ಕಪ್ಪುಹಲಗೆಯ ಚಿತ್ರಕ್ಕಿಂತ ಇಲ್ಲಿ ಸ್ಪಷ್ಟವಾಗುತ್ತದೆ.

ಅನ್ವಯ

ಫಾರ್ನೆಸಿಲ್ ಜೋಡಣೆಯನ್ನು ತಡೆದು ಕ್ಯಾನ್ಸರ್ ಗುಣಪಡಿಸುವ ಔಷಧಿಗಳನ್ನು ತಯಾರಿಸಲಾಯಿತು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವ ಕೆ-ರಾಸ್ ವಿಷಯದಲ್ಲಿ ನಿರೀಕ್ಷೆ ಹುಸಿಯಾಯಿತು. ಫಾರ್ನೆಸಿಲ್ ಸಿಗದಾಗ ಬೇರೊಂದು ಕಿಣ್ವ ಕೆ-ರಾಸ್‌ಗೆ 20 ಇಂಗಾಲಗಳ ಜೆರಾನಿಲ್‌ಜೆರಾನಿಲ್ ಗುಂಪನ್ನು ಜೋಡಿಸಿತು; ಅದು ಎಂದಿನಂತೆ ಪೊರೆ ತಲುಪಿತು. ಎಚ್-ರಾಸ್‌ಗೆ ಈ ಬದಲಿ ದಾರಿ ಇಲ್ಲ. ಒಂದು ಕಿಣ್ವವನ್ನು ತಡೆದ ಮಾತ್ರಕ್ಕೆ ಸಂಜ್ಞೆ ನಿಲ್ಲುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ತಾವೇ ತರ್ಕಿಸಿ ಹೇಳುವಂತಾಗಬೇಕು.

ಮೌಲ್ಯಮಾಪನ

1. ಸಿಸ್ಟೀನ್ ಇಲ್ಲದ ರಾಸ್ ಜಿಟಿಪಿ ಹಿಡಿದಿದ್ದರೂ ಸಂಜ್ಞೆ ಏಕೆ ಸಾಗುವುದಿಲ್ಲ?
2. ಪಾಮಿಟೇಟ್ ಕತ್ತರಿಸುವ ಕಿಣ್ವ ಕೆಲಸ ನಿಲ್ಲಿಸಿದರೆ ಎನ್-ರಾಸ್‌ನ ಓಡಾಟ ಏನಾಗಬಹುದು?

ಎರಡನೆಯದಕ್ಕೆ ಸಿದ್ಧ ಉತ್ತರ ಬರೆಸಬೇಡಿ. ಕಾರಣ ಕೊಟ್ಟು ಊಹಿಸುವ ವಿದ್ಯಾರ್ಥಿಗೆ ಪೂರ್ಣ ಅಂಕ ಸಲ್ಲಬೇಕು.